ಕಂಬದ ಕ್ಯಾಕ್ಟಸ್‌ಗೆ ಕೈಯಾರೆ ಪರಾಗಸ್ಪರ್ಶ: ಹೂವಿನಿಂದ ಸಸಿಯವರೆಗೆ

ಆಳೆತ್ತರ ಬೆಳೆದ ಸೀರಿಯಸ್ ಅಥವಾ ಟ್ರೈಕೋಸೀರಿಯಸ್ ಗಿಡ ಮೈತುಂಬ ಹೂ ಬಿಟ್ಟು, ವಾರದೊಳಗೆ ಅಷ್ಟನ್ನೂ ಉದುರಿಸಿ, ಒಂದು ಕಾಯಿಯನ್ನೂ ಕಚ್ಚದೆ ಸುಮ್ಮನಾಗುವುದು ತೀರಾ ಸಾಮಾನ್ಯ. ಗೊಬ್ಬರ ಸಾಲಲಿಲ್ಲವೋ, ನೀರು ಹೆಚ್ಚಾಯಿತೋ ಎಂದು ಕಾರಣ ಹುಡುಕುವವರೇ ಬಹಳ. ಆದರೆ ಗಿಡದ ಆರೈಕೆಯಲ್ಲಿ ಕೊರತೆ ಇರುವುದು ಅಪರೂಪ. ಕಂಬದಂತೆ ಬೆಳೆಯುವ ಕ್ಯಾಕ್ಟಸ್‌ಗಳಲ್ಲಿ ಹೆಚ್ಚಿನವು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಸ್ವಂತ ಪರಾಗ ಹೂವಿನ ಹೆಣ್ಣು ಭಾಗದ ತುದಿಯಾದ ಶಲಾಕಾಗ್ರದ ಮೇಲೆ ಬಿದ್ದು ಮೊಳೆತರೂ, ಅದರಿಂದ ಹೊರಡುವ ಪರಾಗನಳಿಕೆ ಕೆಳಗಿನ ದಂಟಾದ ಶಲಾಕೆಯೊಳಗೇ ನಿಂತುಹೋಗುತ್ತದೆ, ಅಂಡಾಶಯದವರೆಗೆ ಇಳಿಯುವುದಿಲ್ಲ. ಹಾಗಾಗಿ ಕಾಯಿ ಬೇಕೆಂದರೆ ಬೇರೆ ವಂಶದ ಎರಡನೆಯ ಗಿಡ ಬೇಕೇಬೇಕು.

ಶುರುವಿಗೇ ಒಂದು ಎಚ್ಚರಿಕೆ. ನಾವು ಕಳ್ಳಿ ಎಂದು ಕರೆಯುವುದೆಲ್ಲ ಕ್ಯಾಕ್ಟಸ್ ಅಲ್ಲ. ಕಂಬದಂತೆ ನಿಲ್ಲುವ ಯೂಫೋರ್ಬಿಯಾ ಗಿಡಗಳೂ ದೂರದಿಂದ ಹಾಗೆಯೇ ಕಾಣುತ್ತವೆ. ಚುಚ್ಚಿದರೆ ಬಿಳಿ ಹಾಲು ಬಂದರೆ ಅದು ಯೂಫೋರ್ಬಿಯಾ. ಅದರ ಹೂವಿನ ರಚನೆಯೇ ಬೇರೆ, ಇಲ್ಲಿನ ವಿಧಾನ ಅದಕ್ಕೆ ಹೊಂದುವುದಿಲ್ಲ. ಆ ಹಾಲು ಕಣ್ಣಿಗೆ ಬೀಳದಂತೆಯೂ ನೋಡಿಕೊಳ್ಳಿ. ಮುಳ್ಳುಗಳು ಸಣ್ಣ ಉಣ್ಣೆಯ ದಿಂಡಿನಿಂದ ಗುಂಪಾಗಿ ಹೊರಟಿದ್ದರೆ ಅದು ಕ್ಯಾಕ್ಟಸ್.

ಎರಡು ಗಿಡ ನಿಜಕ್ಕೂ ಎರಡೇ?

ಎರಡು ಕುಂಡಗಳಿವೆ, ಎರಡೂ ಹೂ ಬಿಡುತ್ತವೆ, ಅಷ್ಟು ಸಾಕು ಎಂದುಕೊಂಡವರು ಎಡವುವುದು ಇಲ್ಲೇ. ಕಂಬದ ಕ್ಯಾಕ್ಟಸ್ ಕೈಯಿಂದ ಕೈಗೆ ದಾಟುವುದು ಹೆಚ್ಚಾಗಿ ತುಂಡಿನ ರೂಪದಲ್ಲಿ. ಒಂದೇ ತಾಯಿಯಿಂದ ಕತ್ತರಿಸಿ ನೆಟ್ಟ ತುಂಡುಗಳು ಎಷ್ಟೇ ಕುಂಡಗಳಲ್ಲಿದ್ದರೂ ವಂಶದ ಲೆಕ್ಕದಲ್ಲಿ ಒಂದೇ ಗಿಡ. ಅವುಗಳ ನಡುವೆ ಪರಾಗ ಅದಲುಬದಲು ಮಾಡಿದರೆ ಅದು ಸ್ವಕೀಯ ಪರಾಗಸ್ಪರ್ಶವೇ ಆಗುತ್ತದೆ. ಎರಡು ಬೇರೆ ಬೇರೆ ಕಡೆಯಿಂದ ತಂದಿದ್ದರೂ ಧೈರ್ಯ ಪಡಬೇಡಿ. ಕೆಲವು ಜನಪ್ರಿಯ ಗಿಡಗಳು ದಶಕಗಳಿಂದ ತುಂಡಿನಲ್ಲೇ ಹರಡಿ, ಊರಿಗೆಲ್ಲ ಒಂದೇ ಗಿಡ ಎನ್ನುವಂತಾಗಿದೆ. ಇಸ್ರೇಲಿನಲ್ಲಿ ಸೀರಿಯಸ್ ಪೆರುವಿಯಾನಸ್ ಗಿಡವನ್ನು ‘ಕೂಬೊ’ ಎಂಬ ಹೆಸರಿನಲ್ಲಿ ಹಣ್ಣಿಗಾಗಿ ತೋಟ ಮಾಡಿ ಬೆಳೆಸುತ್ತಾರೆ. ಅಲ್ಲೂ ಒಂದೇ ತಳಿಯ ತುಂಡುಗಳಿಂದ ಇಡೀ ತೋಟ ತುಂಬಿಸಿದರೆ ಹಣ್ಣು ಕೂರುವುದಿಲ್ಲ, ಬೇರೆ ವಂಶದ ಗಿಡಗಳನ್ನು ಬೆರೆಸಿಯೇ ನೆಡಬೇಕಾಗುತ್ತದೆ.

ಬೀಜದಿಂದ ಬೆಳೆದ ಗಿಡಗಳಾದರೆ ಈ ಚಿಂತೆ ಬಹಳ ಕಡಿಮೆ. ಒಂದೇ ಕಾಯಿಯ ಬೀಜದಿಂದ ಬಂದ ಒಡಹುಟ್ಟುಗಳಲ್ಲೂ ಎಲ್ಲ ಜೋಡಿಗಳೂ ವಿಫಲವಾಗುವುದಿಲ್ಲ. ಸ್ವಂತ ಪರಾಗವನ್ನು ಗುರುತಿಸುವ ಜೀನ್‌ನಲ್ಲಿ ಅಪ್ಪನ ಎರಡು ರೂಪಗಳೂ ಅಮ್ಮನ ಎರಡು ರೂಪಗಳೂ ಬೇರೆ ಬೇರೆಯಾಗಿದ್ದರೆ ಮಕ್ಕಳಲ್ಲಿ ನಾಲ್ಕು ಬಗೆ ಬರುತ್ತದೆ. ಒಂದೇ ಬಗೆಯ ಇಬ್ಬರು ಎದುರಾದಾಗ ಮಾತ್ರ ಪೂರ್ತಿ ತಡೆ. ಅಂದರೆ ಲೆಕ್ಕಕ್ಕೆ 4 ಜೋಡಿಗಳಲ್ಲಿ 3 ಕಾಯಿ ಕಟ್ಟಬಲ್ಲವು. ಆದ್ದರಿಂದ ಒಂದು ಜೋಡಿ ಸೋತಿತೆಂದು ಒಡಹುಟ್ಟುಗಳನ್ನೆಲ್ಲ ಕೈಬಿಡಬೇಕಿಲ್ಲ.

ಈ ನಿಯಮಕ್ಕೆ ಅಪವಾದಗಳೂ ಇವೆ. ಮೆಕ್ಸಿಕೋದ ದೈತ್ಯ ಕಾರ್ಡೋನ್, ಅಂದರೆ ಪ್ಯಾಕಿಸೀರಿಯಸ್ ಪ್ರಿಂಗ್ಲೈ, ತನ್ನ ಪರಾಗದಿಂದಲೇ ಬೀಜ ಕಟ್ಟಬಲ್ಲದು. ಅದರ ಕೆಲವು ನೆಲೆಗಳಲ್ಲಿ ಗಂಡು, ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳು ಮೂರೂ ಒಟ್ಟಿಗೆ ಸಿಗುತ್ತವೆ. ಮನೆಯಲ್ಲಿ ಕೈಗೆ ಸಿಗುವ ಗಿಡಗಳ ಮಟ್ಟಿಗೆ ‘ಸ್ವಂತ ಪರಾಗ ನಡೆಯದು’ ಎಂದೇ ಇಟ್ಟುಕೊಂಡು ಹೊರಡುವುದು ಕ್ಷೇಮ.

ಯಾವುದಕ್ಕೆ ಯಾವುದು

ಒಂದೇ ಪ್ರಭೇದದ ಎರಡು ವಂಶಗಳು ಸುಲಭವಾಗಿ ಕೂಡುತ್ತವೆ. ಒಂದೇ ಕುಲದ ಎರಡು ಪ್ರಭೇದಗಳು ಬಹುಮಟ್ಟಿಗೆ ಕೂಡುತ್ತವೆ. ಟ್ರೈಕೋಸೀರಿಯಸ್ ಗುಂಪಂತೂ ಈ ವಿಷಯದಲ್ಲಿ ಧಾರಾಳಿ: ತಮ್ಮೊಳಗೂ ಬೆರೆಯುತ್ತವೆ, ಗುಂಡಗಿನ ಎಕಿನಾಪ್ಸಿಸ್ ಮತ್ತು ಲೋಬಿವಿಯಾಗಳ ಜೊತೆಗೂ ಬೆರೆಯುತ್ತವೆ. ಅಂಗಳಗಳಲ್ಲಿ ಕಾಣುವ ಕೆಂಪು, ಕಿತ್ತಳೆ, ಗುಲಾಬಿ ಬಣ್ಣದ ದೊಡ್ಡ ಹೂವಿನ ಮಿಶ್ರತಳಿಗಳು ಬಂದದ್ದು ಈ ಬೆರಕೆಯಿಂದಲೇ. ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಹೂವೂ ದೊಡ್ಡದು, ಬೀಜವೂ ಬೇಗ ಮೊಳೆಯುತ್ತದೆ.

ದೂರದ ಕುಲಗಳು ಕೂಡುವುದು ಕಷ್ಟ, ಆದರೆ ಪ್ರಕೃತಿಯಲ್ಲೇ ಅದು ನಡೆದದ್ದಿದೆ. ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಮೇಲೆ ಹೇಳಿದ ಕಾರ್ಡೋನ್‌ಗೂ ಬರ್ಗೆರೋಕ್ಯಾಕ್ಟಸ್ ಎಮೋರಿಗೂ ಹುಟ್ಟಿದ ಮಿಶ್ರತಳಿ ಇದೆ. ಅದೇ ಬರ್ಗೆರೋಕ್ಯಾಕ್ಟಸ್ ಮತ್ತು ಮಿರ್ಟಿಲೋಕ್ಯಾಕ್ಟಸ್ ಕೋಚಲ್‌ಗಳ ಬೆರಕೆಯೂ ಅಲ್ಲಿ ಸಿಗುತ್ತದೆ. ಮನೆಯಲ್ಲಿ ಇಂಥದ್ದಕ್ಕೆ ಕೈಹಾಕುವವರು ಹತ್ತಾರು ಹೂವಿಗೆ ಒಂದು ಕಾಯಿ, ಅದರಲ್ಲೂ ಬೆರಳೆಣಿಕೆಯ ಬೀಜ ಎಂಬ ನಿರೀಕ್ಷೆಯಲ್ಲಿರಬೇಕು.

ವರ್ಣತಂತುಗಳ ಸಂಖ್ಯೆಯೂ ಆಟ ಆಡಿಸುತ್ತದೆ. ಕ್ಯಾಕ್ಟಸ್ ಕುಟುಂಬದ ಮೂಲ ಸಂಖ್ಯೆ 11, ಸಾಮಾನ್ಯ ಗಿಡದಲ್ಲಿ 22. ಕೆಲವು ಗಿಡಗಳಲ್ಲಿ 44 ಇರುತ್ತದೆ. 22ರದ್ದಕ್ಕೂ 44ರದ್ದಕ್ಕೂ ಹುಟ್ಟುವ ಮಗುವಿಗೆ 33. ಅದು ಚೆನ್ನಾಗಿ ಬೆಳೆದು ಹೂ ಬಿಟ್ಟರೂ ಮುಂದಕ್ಕೆ ಬೀಜ ಕೊಡುವುದು ವಿರಳ. ನೀವು ಬೆಳೆಸಿದ ಮಿಶ್ರತಳಿ ಯಾವ ಪರಾಗಕ್ಕೂ ಕಾಯಿ ಕಟ್ಟದಿದ್ದರೆ ಈ ಸಾಧ್ಯತೆಯನ್ನು ನೆನಪಿಡಿ.

ಹೂವಿನ ಒಳಗೆ

ಕೈಹಾಕುವ ಮೊದಲು ಒಂದು ಹೂವನ್ನು ಉದ್ದಕ್ಕೆ ಸೀಳಿ ನೋಡುವುದಕ್ಕೆ ಬಿಡಿ. ಅದರಿಂದ ಕಲಿಯುವಷ್ಟು ಯಾವ ಚಿತ್ರದಿಂದಲೂ ಕಲಿಯಲಾಗದು. ಟ್ರೈಕೋಸೀರಿಯಸ್ ಹೂವಿನ ಬುಡದಲ್ಲಿ, ಕಾಂಡಕ್ಕೆ ಅಂಟಿಕೊಂಡಂತೆ, ರೋಮದ ಪೊರೆಯೊಳಗೆ ಅಡಿಕೆ ಗಾತ್ರದ ಅಂಡಾಶಯ ಇರುತ್ತದೆ. ಅದರ ಒಳಗೋಡೆಗೆ ನೂರಾರು ಬಿಳಿ ಅಂಡಕಗಳು ಅಂಟಿಕೊಂಡಿರುತ್ತವೆ. ಮೇಲೆ ಉದ್ದನೆಯ ಕೊಳವೆ. ಅದರಲ್ಲಿ ಕೇಸರಗಳು ಎರಡು ಗುಂಪಾಗಿ ನಿಂತಿವೆ: ಒಂದು ಗುಂಪು ಕೊಳವೆಯ ಒಳಗಿನಿಂದಲೇ ಏಳುತ್ತದೆ, ಇನ್ನೊಂದು ಕೊಳವೆಯ ಬಾಯಿಯಲ್ಲಿ ಬಳೆಯಾಕಾರದಲ್ಲಿ ಕೂತಿದೆ, ನಡುವೆ ಕೇಸರವಿಲ್ಲದ ಬರಿಯ ಜಾಗ. ಕೇಸರ ಕೀಳುವಾಗ ಬಾಯಿಯ ಬಳೆಯನ್ನಷ್ಟೇ ತೆಗೆದು, ಒಳಗಿನ ಗುಂಪನ್ನು ಮರೆಯುವವರು ಬಹಳ ಮಂದಿ.

ನಡುವಿನಿಂದ ಶಲಾಕೆ ಎದ್ದು ಬಂದು, ತುದಿಯಲ್ಲಿ ಶಲಾಕಾಗ್ರದ ಎಳೆಗಳು ಬಿಚ್ಚಿಕೊಳ್ಳುತ್ತವೆ. ಹೂ ಆಗಷ್ಟೇ ಅರಳುವಾಗ ಈ ಎಳೆಗಳು ಮುಚ್ಚಿದ ಬೆರಳುಗಳಂತೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಬಿಚ್ಚಿ ನಕ್ಷತ್ರದ ಆಕಾರಕ್ಕೆ ಬಂದು, ಒಳಮೈ ಮಖಮಲ್ಲಿನ ಹಾಗೆ ನವಿರಾಗಿ, ತುಸು ಅಂಟಾಗಿ ಕಂಡಾಗ ಪರಾಗ ಹಿಡಿಯುವುದಕ್ಕೆ ಸಿದ್ಧ. ಎಳೆಗಳು ಕಂದು ತಿರುಗಿ ಜೋತುಬಿದ್ದ ಮೇಲೆ ಎಷ್ಟು ಪರಾಗ ಹಚ್ಚಿದರೂ ವ್ಯರ್ಥ.

ಸೀರಿಯಸ್ ಹೂ ಕತ್ತಲಾದ ಮೇಲೆ ಬಿಚ್ಚಿ ಬೆಳಗಿನ ಬಿಸಿಲಿಗೆ ಮುಚ್ಚುತ್ತದೆ, ಒಂದೇ ರಾತ್ರಿಯ ಅವಕಾಶ. ಬಿಳಿ ಹೂವಿನ ಟ್ರೈಕೋಸೀರಿಯಸ್ ಸಂಜೆ ಬಿಚ್ಚಿದರೂ ಹವೆ ತಂಪಾಗಿದ್ದರೆ ಮರುದಿನ ಪೂರ್ತಿ ನಿಲ್ಲುತ್ತದೆ. ಟ್ರೈಕೋಸೀರಿಯಸ್ ಹುವಾಸ್ಕಾದಂಥ ಬಣ್ಣದ ಹೂವಿನವು ಹಗಲಿನವು. ಕ್ಲೈಸ್ಟೋಕ್ಯಾಕ್ಟಸ್ ಹೂ ಸರಿಯಾಗಿ ಬಿಚ್ಚುವುದೇ ಇಲ್ಲ. ಕೊಳವೆಯ ತುದಿಯಿಂದ ಶಲಾಕಾಗ್ರ ಹೊರಕ್ಕೆ ಇಣುಕುತ್ತದೆ, ಅಲ್ಲೇ ಪರಾಗ ಮುಟ್ಟಿಸಬೇಕು.

ಪರಾಗ ಮುಟ್ಟಿಸುವ ರಾತ್ರಿ

ಬೇಕಾಗುವ ಸಾಮಾನು ಸ್ವಲ್ಪವೇ: ಚೂಪು ಮೂತಿಯ ಉದ್ದ ಚಿಮುಟ, ಹೊಸ ಬ್ಲೇಡು, ಒಂದೊಂದು ಪರಾಗಕ್ಕೆ ಒಂದೊಂದರಂತೆ ಸಣ್ಣ ಕುಂಚ ಅಥವಾ ಹತ್ತಿ ಕಡ್ಡಿ, ಹೂ ಮುಚ್ಚುವಷ್ಟು ದೊಡ್ಡ ತೆಳು ಬಟ್ಟೆ ಅಥವಾ ನೆಟ್ ಚೀಲ, ದಾರ, ಚೀಟಿ, ಪೆನ್ಸಿಲ್, ತಲೆಗೆ ಕಟ್ಟುವ ಟಾರ್ಚ್. ಚೀಟಿಯ ಮೇಲೆ ಪೆನ್ನಿನಲ್ಲಿ ಬರೆಯಬೇಡಿ, ಎರಡು ತಿಂಗಳ ಬಿಸಿಲಿಗೆ ಶಾಯಿ ಅಳಿಸಿಹೋಗುತ್ತದೆ. ಪೆನ್ಸಿಲ್ ಬರಹ ನಿಲ್ಲುತ್ತದೆ, ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಕೊರೆದದ್ದು ಇನ್ನೂ ಗಟ್ಟಿ.

1. ಬಿಚ್ಚುವ ದಿನ ಮೊಗ್ಗಿನ ಮೈ ತುಂಬಿ, ತುದಿಯ ದಳಗಳು ಸಡಿಲಗೊಂಡು ಬಿಳಿ ಇಣುಕುತ್ತದೆ. ಮಧ್ಯಾಹ್ನದ ಹೊತ್ತಿಗೇ ಚೀಲ ಕಟ್ಟಿಬಿಡಿ. ಪತಂಗ, ಜೇನು ನಿಮಗಿಂತ ಮೊದಲು ಬಂದರೆ ಅಪ್ಪ ಯಾರೆಂದು ಹೇಳುವುದು ಅಸಾಧ್ಯ.

2. ವಂಶ ಖಚಿತವಾಗಿರಬೇಕಾದರೆ ತಾಯಿಹೂವಿನ ಕೇಸರ ಕೀಳಬೇಕು. ಸಂಜೆಗೆ ಮೊದಲು ಕೊಳವೆಯ ಮೇಲ್ಭಾಗದ ಒಂದು ಬದಿಯಲ್ಲಿ ಬ್ಲೇಡಿನಿಂದ ಕಿಟಕಿಯಂತೆ ಕೊಯ್ದು, ಚಿಮುಟದಿಂದ ಎರಡೂ ಗುಂಪಿನ ಕೇಸರಗಳನ್ನು ಪರಾಗಕೋಶ ಒಡೆಯುವ ಮೊದಲೇ ತೆಗೆಯಿರಿ. ಶಲಾಕೆಗೆ ಗೀರು ಬೀಳಬಾರದು, ಅಂಡಾಶಯದ ಹತ್ತಿರ ಬ್ಲೇಡು ಹೋಗಲೇಬಾರದು. ಗಿಡ ಸ್ವಂತ ಪರಾಗ ಒಪ್ಪದ ಜಾತಿಯೆಂದು ಗೊತ್ತಿದ್ದು, ಬೀಜ ಸಿಕ್ಕರೆ ಸಾಕು ಎನ್ನುವವರು ಈ ಹಂತ ಬಿಡಬಹುದು. ಆದರೆ ಹೊರಗಿನ ಪರಾಗದ ಜೊತೆ ಬೆರೆತಾಗ ಸ್ವಂತ ಪರಾಗವೂ ಅಷ್ಟಿಷ್ಟು ನುಸುಳುವುದುಂಟು. ಹೆಸರು ಬರೆದು ಇತರರಿಗೆ ಕೊಡುವ ಬೀಜವಾದರೆ ಕೇಸರ ಕೀಳುವುದೇ ಸರಿ.

3. ತಂದೆಹೂವಿನ ಪರಾಗಕೋಶ ಒಡೆದು ತಿಳಿಹಳದಿ ಪುಡಿ ಕಂಡಾಗ, ಕೇಸರಗಳ ಒಂದು ಗೊಂಚಲನ್ನೇ ಚಿಮುಟದಿಂದ ಕಿತ್ತು ತಾಯಿಯ ಶಲಾಕಾಗ್ರದ ಎಲ್ಲ ಎಳೆಗಳ ಒಳಮೈಗೆ ಮೃದುವಾಗಿ ಒರೆಸಿ. ಕುಂಚಕ್ಕಿಂತ ಇದೇ ವಾಸಿ. ಕುಂಚದ ಕೂದಲಲ್ಲಿ ಅರ್ಧ ಪರಾಗ ಉಳಿದುಹೋಗುತ್ತದೆ, ಮುಂದಿನ ಹೂವಿಗೆ ಬೆರಕೆಯಾಗುವ ಭಯ ಬೇರೆ. ಎಳೆಗಳ ಮೇಲೆ ಹಳದಿ ಬರಿಗಣ್ಣಿಗೆ ಕಾಣುವಷ್ಟು ಹಚ್ಚಿ. ಒಂದೊಂದು ಬೀಜಕ್ಕೂ ಒಂದೊಂದು ಪರಾಗರೇಣು ಕೆಳಗಿಳಿಯಬೇಕು. ಜಿಪುಣತನ ಮಾಡಿದರೆ ಕಾಯಿ ಸಣ್ಣದಾಗುತ್ತದೆ, ಅಥವಾ ಅರ್ಧಕ್ಕೇ ಉದುರುತ್ತದೆ.

4. ಎರಡು ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಹಚ್ಚಿ. ಮೊದಲ ಸಲ ಎಳೆಗಳು ಪೂರ್ತಿ ಬಿಚ್ಚಿರದಿದ್ದರೆ ಈ ಎರಡನೆಯದೇ ಕಾಯಿ ಕಟ್ಟಿಸುತ್ತದೆ.

5. ಚೀಲ ಮತ್ತೆ ಕಟ್ಟಿ, ಹೂವಿನ ಬುಡಕ್ಕೆ ಚೀಟಿ ಹಾಕಿ. ಮೊದಲು ತಾಯಿಯ ಹೆಸರು, ಗುಣಾಕಾರ ಚಿಹ್ನೆ, ಆಮೇಲೆ ತಂದೆಯ ಹೆಸರು, ದಿನಾಂಕ. ಬೆರಕೆ ಮಾಡುವವರ ರೂಢಿ ಇದೇ, ತಿರುವುಮುರುವು ಮಾಡಬೇಡಿ.

ಶಲಾಕೆ ಉದ್ದವಿರುವ ಹೂಗಳಲ್ಲಿ ಪರಾಗನಳಿಕೆ ಅಷ್ಟೂ ದೂರ ಬೆಳೆದು ಇಳಿಯಬೇಕು. ಆದ್ದರಿಂದ ಬೆಳಿಗ್ಗೆ ಬಾಡಿದ ಹೂವನ್ನು ಕೂಡಲೇ ಕತ್ತರಿಸುವುದು ಬೇಡ. ಕನಿಷ್ಠ 4 ದಿನ ಹಾಗೇ ಇರಲಿ. ಮಳೆಯ ದಿನಗಳಲ್ಲಿ ಬಾಡಿದ ದಳ ಕೊಳೆತು ಅಂಡಾಶಯಕ್ಕೆ ಬೂಷ್ಟು ಇಳಿಯುವುದುಂಟು. ಹಾಗಾದರೆ ಐದನೆಯ ದಿನ ಕೊಳವೆಯನ್ನು ಅಂಡಾಶಯದ ಮೇಲೆ ಎರಡು ಬೆರಳಗಲ ಬಿಟ್ಟು ಕತ್ತರಿಸಿ. ಹೂವಿನ ಮೇಲೆ ಆ ರಾತ್ರಿ ನೀರು ಬೀಳದಿರಲಿ, ಒದ್ದೆಯಾದ ಪರಾಗ ಸತ್ತಂತೆಯೇ.

ಎರಡು ಗಿಡ ಒಟ್ಟಿಗೆ ಹೂ ಬಿಡದಿದ್ದರೆ

ಇದೇ ದೊಡ್ಡ ತೊಡಕು, ಇದಕ್ಕೆ ಪರಿಹಾರವೂ ಸುಲಭ: ಮೊದಲು ಅರಳಿದ ಹೂವಿನ ಪರಾಗವನ್ನು ಕೂಡಿಡಬಹುದು. ಒಡೆದ ಪರಾಗಕೋಶಗಳನ್ನು ಕತ್ತರಿಸಿ ನುಣುಪಾದ ಕಾಗದದ ಮೇಲೆ ತೆಳ್ಳಗೆ ಹರಡಿ, ಗಾಳಿಯ ತೇವ ಕಡಿಮೆ ಇರುವ ಕಡೆ 12ರಿಂದ 24 ಗಂಟೆ ಆರಲು ಬಿಡಿ. ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಮತ್ತು ದಿನಾಂಕ ಬರೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಬಾಟಲಿಗೆ ಸೇರಿಸಿ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಒಂದೆರಡು ವಾರಕ್ಕೆ ಮೋಸವಿಲ್ಲ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ, ಮುಂದಿನ ಹೂವಿನ ಕಾಲಕ್ಕೂ ಒದಗುತ್ತದೆ.

ಪರಾಗ ಕೆಡುವುದು ಚಳಿಗಿಂತ ಹೆಚ್ಚಾಗಿ ತೇವಕ್ಕೆ. ಫ್ರೀಜರಿನಿಂದ ತೆಗೆದ ಬಾಟಲಿಯ ಮುಚ್ಚಳ ಕೂಡಲೇ ತೆರೆದರೆ ತಣ್ಣನೆಯ ಪರಾಗದ ಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಮುಚ್ಚಿದ ಬಾಟಲಿಯನ್ನೇ ಅರ್ಧ ಗಂಟೆ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಆ ದಿನಕ್ಕೆ ಬೇಕಾದ ಒಂದು ಪೊಟ್ಟಣ ಮಾತ್ರ ಹೊರತೆಗೆದು, ಉಳಿದದ್ದು ವಾಪಸ್. ಇದಕ್ಕಾಗಿಯೇ ಪೊಟ್ಟಣಗಳು ಚಿಕ್ಕವಾಗಿರಬೇಕು.

ಕಾಯಿ

ಸೋತ ಹೂವಿನ ಅಂಡಾಶಯ ವಾರದೊಳಗೆ ಹಳದಿಯಾಗಿ, ಮುಟ್ಟಿದರೆ ಕಳಚಿ ಬರುತ್ತದೆ. ಗೆದ್ದ ಹೂವಿನದು ಹಸಿರಾಗಿ ಗಟ್ಟಿಯಾಗಿ ಉಳಿದು, 10 ದಿನದ ಹೊತ್ತಿಗೆ ಉಬ್ಬತೊಡಗುತ್ತದೆ. ಆ ಬಳಿಕ 6ರಿಂದ 10 ವಾರ ಕಾಯಬೇಕು, ತಂಪು ಹವೆಯಲ್ಲಿ ಇನ್ನೂ ತಡ. ಈ ಕಾಲದಲ್ಲಿ ಕುಂಡ ಪೂರ್ತಿ ಒಣಗಿ ಮತ್ತೆ ಒಮ್ಮೆಲೇ ನೀರು ತುಂಬಿದರೆ ಕಾಯಿ ಬಲಿಯುವ ಮೊದಲೇ ಬಿರಿಯುತ್ತದೆ; ನೀರು ಒಂದೇ ಹದದಲ್ಲಿರಲಿ. ಒಂದು ಕಂಬಕ್ಕೆ ಎರಡು ಮೂರು ಕಾಯಿ ಸಾಕು, ಹೆಚ್ಚು ಹೂ ಕಟ್ಟಿಸಿದರೆ ಗಿಡವೇ ಕೆಲವನ್ನು ಉದುರಿಸುತ್ತದೆ.

ಸೀರಿಯಸ್ ಕಾಯಿ ಹಣ್ಣಾಗುವಾಗ ಕೆಂಪು ಅಥವಾ ಹಳದಿಗೆ ತಿರುಗಿ ಉದ್ದಕ್ಕೆ ಬಿರಿಯುತ್ತದೆ, ಬಿಳಿ ತಿರುಳಿನಲ್ಲಿ ಕಪ್ಪು ಬೀಜ. ಟ್ರೈಕೋಸೀರಿಯಸ್ ಕಾಯಿ ಹಸಿರಾಗಿಯೇ ಇದ್ದು, ರೋಮದ ನಡುವೆ ಒಂದು ಬದಿ ಒಡೆಯುತ್ತದೆ. ಬಿರಿದ ಮಾರನೆಯ ಬೆಳಗಿಗೆ ಇರುವೆಗಳು ಬೀಜ ಹೊತ್ತು ಮುಗಿಸಿರುತ್ತವೆ. ಹಾಗಾಗಿ ಆರನೆಯ ವಾರದಿಂದಲೇ ನೆಟ್ ಚೀಲ ಮತ್ತೆ ಕಟ್ಟಿ, ಬಿರುಕು ಕಂಡ ದಿನವೇ ಕೊಯ್ಯಿರಿ.

ತಿರುಳನ್ನು ನೀರಿನ ಬಟ್ಟಲಿಗೆ ಹಾಕಿ ಕಿವುಚಿ 24ರಿಂದ 48 ಗಂಟೆ ಬಿಡಿ. ತುಸು ಹುಳಿತು, ಬೀಜಕ್ಕೆ ಅಂಟಿದ ಸಕ್ಕರೆಯ ಪೊರೆ ಕಳಚುತ್ತದೆ. ಅದಕ್ಕಿಂತ ಹೆಚ್ಚು ಇಟ್ಟರೆ ಬೀಜ ನೀರಲ್ಲೇ ಮೊಳೆಯಲು ಹೊರಡುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಸುರಿದು, ಹರಿಯುವ ನೀರಿನ ಕೆಳಗೆ ಬೆರಳಿಂದ ತಿಕ್ಕಿ, ಕೈಗೆ ಲೋಳೆ ಹತ್ತದಿರುವವರೆಗೆ ತೊಳೆಯಿರಿ. ಉಳಿದ ಈ ಲೋಳೆಯೇ ಮುಂದೆ ಬಿತ್ತನೆಯ ಪೆಟ್ಟಿಗೆಯಲ್ಲಿ ಬೂಷ್ಟು ತರುವುದು. ನೆರಳಲ್ಲಿ ಕಾಗದದ ಮೇಲೆ ಒಂದು ವಾರ ಒಣಗಿಸಿ, ಕಾಗದದ ಪೊಟ್ಟಣದಲ್ಲಿಡಿ. ತಂಪಾದ ಒಣ ಜಾಗದಲ್ಲಿ ಬೀಜ ಕೆಲವು ವರ್ಷ ಮೊಳೆಯುವ ಶಕ್ತಿ ಉಳಿಸಿಕೊಳ್ಳುತ್ತದೆ. ನೀರಲ್ಲಿ ತೇಲಿತೆಂದು ಬೀಜವನ್ನು ಎಸೆಯಬೇಡಿ, ತೇಲುವವುಗಳಲ್ಲೂ ಮೊಳೆಯುವವು ಇರುತ್ತವೆ.

ಬಿತ್ತುವ ಮಣ್ಣು

ತೋಟದ ಮಣ್ಣು ಬೇಡ. ಕಲ್ಲಿನ ಅಂಶ ಅರ್ಧಕ್ಕಿಂತ ತುಸು ಹೆಚ್ಚು: 1ರಿಂದ 3 ಮಿಲಿಮೀಟರ್ ಗಾತ್ರದ ಪ್ಯೂಮಿಸ್, ಪರ್ಲೈಟ್ ಅಥವಾ ತೊಳೆದ ಒರಟು ಮರಳು. ಉಳಿದದ್ದು ಜರಡಿ ಹಿಡಿದ ತೆಂಗಿನ ನಾರಿನ ಪುಡಿ ಅಥವಾ ಚೆನ್ನಾಗಿ ಕಳಿತ ಎಲೆಗೊಬ್ಬರ. ಕಲ್ಲಿನ ಧೂಳನ್ನು ಜರಡಿಯಲ್ಲಿ ತೆಗೆಯದಿದ್ದರೆ ಅದು ತಳಕ್ಕಿಳಿದು ಕೆಸರಾಗುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ, ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ. 7 ಸೆಂಟಿಮೀಟರ್ ಚೌಕದ, 6 ಸೆಂಟಿಮೀಟರ್ ಆಳದ ಕುಂಡಕ್ಕೆ ಸುಮಾರು 250 ಮಿಲಿಲೀಟರ್ ಮಿಶ್ರಣ ಹಿಡಿಯುತ್ತದೆ, ಅದರಲ್ಲಿ 40ರಿಂದ 50 ಬೀಜ ಬಿತ್ತಬಹುದು.

ಮಿಶ್ರಣವನ್ನು ಹಿಂಡಿದರೆ ಮುದ್ದೆಯಾಗುವಷ್ಟು ಮಾತ್ರ ಒದ್ದೆ ಮಾಡಿ, ಮುಚ್ಚಿ, ಒಲೆಯ ಹಬೆಯಲ್ಲೋ ಓವನ್‌ನಲ್ಲೋ ನಡುಭಾಗ 80 ಡಿಗ್ರಿ ಮುಟ್ಟಿದ ಮೇಲೆ ಅರ್ಧ ಗಂಟೆ ಇಡಿ. ಪ್ರೆಷರ್ ಕುಕ್ಕರಿನಲ್ಲಾದರೆ 20 ನಿಮಿಷ ಸಾಕು. ಮುಚ್ಚಿದಂತೆಯೇ ತಣಿಯಲಿ. ಬಿಸಿ ಮಾಡದ ಮಿಶ್ರಣದಲ್ಲೂ ಬೀಜ ಮೊಳೆಯುತ್ತದೆ; ಕಷ್ಟ ಬರುವುದು ಮೂರನೆಯ ವಾರದಲ್ಲಿ, ಮೊಳೆತದ್ದು ಒಂದೊಂದಾಗಿ ಮಲಗುವಾಗ.

ಬಿತ್ತನೆ

ಕುಂಡ, ಪೆಟ್ಟಿಗೆ, ಚಿಮುಟಗಳನ್ನು ಸ್ಪಿರಿಟ್‌ನಿಂದ ಒರೆಸಿ. ಬೀಜವನ್ನು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 10 ನಿಮಿಷ ನೆನೆಸಿ ತೆಗೆಯಿರಿ. ಮಿಶ್ರಣ ತುಂಬಿದ ಕುಂಡವನ್ನು ಕುದಿಸಿ ಆರಿಸಿದ ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ಮೇಲ್ಮೈ ಕಪ್ಪಗಾದಾಗ ಎತ್ತಿ, ಅರ್ಧ ಗಂಟೆ ಸೋರಲು ಬಿಡಿ. ಈ ಸೋರುವಿಕೆ ಮುಖ್ಯ. ಮುಚ್ಚಿದ ಪೆಟ್ಟಿಗೆಯಲ್ಲಿ ಹೆಚ್ಚಿನ ನೀರಿಗೆ ಹೋಗಲು ದಾರಿ ಇರುವುದಿಲ್ಲ.

ಬೀಜವನ್ನು ಮೇಲ್ಮೈಯ ಮೇಲೆ ಸಮವಾಗಿ ಉದುರಿಸಿ, ಬೆರಳ ಹಿಂಬದಿಯಿಂದ ಮೆಲ್ಲಗೆ ಒತ್ತಿ. ಮಣ್ಣಿನಿಂದ ಮುಚ್ಚಬೇಡಿ. ಕಂಬದ ಕ್ಯಾಕ್ಟಸ್‌ಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಹೂತುಹಾಕಿದ ಬೀಜ ಹಾಗೇ ಮಲಗಿರುತ್ತದೆ. ಕುಂಡವನ್ನು ಜಿಪ್ ಚೀಲಕ್ಕೋ ಮುಚ್ಚಳದ ಪಾರದರ್ಶಕ ಡಬ್ಬಿಗೋ ಸೇರಿಸಿ ಬಿಗಿಯಾಗಿ ಮುಚ್ಚಿ, ಹೊರಗೆ ಹೆಸರು, ದಿನಾಂಕ ಬರೆಯಿರಿ. ಒಳಗೂ ಒಂದು ಚೀಟಿ ಇರಲಿ.

ಹಗಲು 25ರಿಂದ 28 ಡಿಗ್ರಿ, ರಾತ್ರಿ 20ರ ಆಸುಪಾಸು ಇದ್ದರೆ ಟ್ರೈಕೋಸೀರಿಯಸ್ 5ರಿಂದ 14 ದಿನಕ್ಕೆ, ಸೀರಿಯಸ್ ಇನ್ನೂ ತುಸು ಬೇಗ ಮೊಳೆಯುತ್ತದೆ. ಕೆಲವು ಜಾತಿಗಳು ತಿಂಗಳು ತೆಗೆದುಕೊಳ್ಳುತ್ತವೆ. 35 ಡಿಗ್ರಿ ದಾಟಿದರೆ ಮೊಳೆಯುವುದು ಕುಂಠಿತವಾಗುತ್ತದೆ. ನೇರ ಬಿಸಿಲಿಗೆ ಇಡಲೇಬಾರದು, ಮುಚ್ಚಿದ ಡಬ್ಬಿಯೊಳಗೆ ಸ್ವಲ್ಪ ಹೊತ್ತಿನಲ್ಲೇ ಸಸಿ ಬೆಂದುಹೋಗುತ್ತದೆ. ಕಿಟಕಿಯ ಪಕ್ಕದ ಪ್ರಖರವಾದ, ಆದರೆ ಚದುರಿದ ಬೆಳಕು ಸರಿ. ಇಲ್ಲದಿದ್ದರೆ 15ರಿಂದ 20 ವಾಟ್‌ನ ಬಿಳಿ ಎಲ್‌ಇಡಿ ದೀಪವನ್ನು 25 ಸೆಂಟಿಮೀಟರ್ ಮೇಲೆ ತೂಗಿಸಿ, ದಿನಕ್ಕೆ 12ರಿಂದ 14 ಗಂಟೆ ಉರಿಸಿ.

ಮುಚ್ಚಳದೊಳಗಿನ ವಾರಗಳು

ಮೊಳೆತ ಸಸಿ ಹಸಿರು ಮಣಿಯಂತೆ, ತಲೆಯ ಮೇಲೆ ಎರಡು ಪುಟ್ಟ ಬೀಜದೆಲೆಗಳೊಡನೆ ಕಾಣುತ್ತದೆ. ಎರಡು ಮೂರು ವಾರಕ್ಕೆ ಆ ಎಲೆಗಳ ನಡುವೆ ಕೂದಲಿನಂಥ ಮೊದಲ ಮುಳ್ಳು. ಈ ಹಂತದಲ್ಲಿ ಸಸಿಗಳು ನಿಮ್ಮೊಂದಿಗೆ ಬಣ್ಣದಲ್ಲೇ ಮಾತನಾಡುತ್ತವೆ. ಕೆಂಪು ಅಥವಾ ಕಂದು ಛಾಯೆ ಬಂದರೆ ಬೆಳಕು ಹೆಚ್ಚು: ದೀಪ ಎತ್ತರಿಸಿ ಅಥವಾ ಮೇಲೊಂದು ತೆಳು ಕಾಗದ ಹಾಕಿ. ತಿಳಿಹಸಿರಾಗಿ ಕಡ್ಡಿಯಂತೆ ಉದ್ದಕ್ಕೆ ಬಾಗಿದರೆ ಬೆಳಕು ಸಾಲದು. ಹೀಗೆ ಕೃಶವಾದ ಬುಡ ಮುಂದೆ ದಪ್ಪವಾಗುವುದಿಲ್ಲ, ಮೊದಲ ವಾರದಲ್ಲೇ ಸರಿಪಡಿಸಬೇಕು.

ಬೀಜದ ಸಿಪ್ಪೆ ತಲೆಯ ಮೇಲೆ ಟೋಪಿಯಂತೆ ಸಿಕ್ಕಿಕೊಂಡರೆ ಕೀಳಬೇಡಿ. ಒಂದು ಹನಿ ನೀರಿಟ್ಟು ಮೆತ್ತಗಾದ ಮೇಲೆ ಚಿಮುಟದಿಂದ ಜಾರಿಸಿ. ಬೇರು ಮಣ್ಣಿಗಿಳಿಯದೆ ಮೇಲೆ ಬಿದ್ದಿದ್ದರೆ ಕಡ್ಡಿಯಿಂದ ಸಣ್ಣ ಗುಳಿ ಮಾಡಿ ಬೇರನ್ನು ಅದರೊಳಗೆ ಇಳಿಸಿ, ಬುಡಕ್ಕೆ ನಾಲ್ಕು ಕಾಳು ಮರಳು ಆಸರೆ ಕೊಡಿ.

ಅತಿ ದೊಡ್ಡ ಶತ್ರು ಸಸಿ ಕೊಳೆ ರೋಗ. ಶಿಲೀಂಧ್ರದಂಥ ಜೀವಿಯಾದ ಪಿಥಿಯಂ, ಶಿಲೀಂಧ್ರವೇ ಆದ ಫ್ಯುಸೇರಿಯಂ ಮುಂತಾದವು ಬುಡವನ್ನು ಹಿಡಿಯುತ್ತವೆ. ಮೊದಲ ಗುರುತು: ಬುಡ ಗಾಜಿನಂತೆ ಪಾರದರ್ಶಕವಾಗಿ, ನೀರು ತುಂಬಿದಂತಾಗುತ್ತದೆ. ಮರುದಿನ ಸಸಿ ಮಲಗುತ್ತದೆ, ಅದರಾಚೆಯ ದಿನ ಸುತ್ತಲಿನವು. ಇದು ವೃತ್ತಾಕಾರದಲ್ಲಿ ಹರಡುವುದರಿಂದ, ಸತ್ತ ಸಸಿಯೊಂದನ್ನೇ ತೆಗೆದರೆ ಸಾಲದು. ಸುತ್ತ 2 ಸೆಂಟಿಮೀಟರ್ ಮಣ್ಣನ್ನೂ ಅದರಲ್ಲಿರುವ ಸಸಿಗಳನ್ನೂ ಚಮಚದಿಂದ ಎತ್ತಿ ಹಾಕಿ. ಆ ಕುಂಡವನ್ನು ಪ್ರತ್ಯೇಕಿಸಿ, ಮುಚ್ಚಳ ತುಸು ತೆರೆದು ಗಾಳಿಯಾಡಿಸಿ, ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಸಿಂಪಡಿಸಿ. ಮೊಳೆಯದ ಬೀಜದ ಮೇಲೆ ಬಿಳಿ ಬೂಷ್ಟು ಬಂದರೆ ಅಷ್ಟು ಗಾಬರಿಯಿಲ್ಲ. ಆ ಬೀಜ ಎತ್ತಿ ತೆಗೆದು, ಜಾಗಕ್ಕೆ ಒಂದೆರಡು ಹನಿ ಪೆರಾಕ್ಸೈಡ್ ಬಿಟ್ಟರೆ ಮುಗಿಯಿತು.

ಹಸಿರು ಪಾಚಿ ದಟ್ಟವಾಗಿ ಹಬ್ಬಿದರೆ ಸಸಿಯ ಸುತ್ತ ಹಪ್ಪಳೆಗಟ್ಟಿ ನೀರು, ಗಾಳಿ ಇಳಿಯುವುದನ್ನು ತಡೆಯುತ್ತದೆ. ಸಸಿಗಳು ತುಸು ದಪ್ಪಗಾದ ಮೇಲೆ ನಡುವೆ 1ರಿಂದ 2 ಮಿಲಿಮೀಟರ್ ದಪ್ಪಕ್ಕೆ ಶುದ್ಧ ಮರಳು ಉದುರಿಸಿದರೆ ಪಾಚಿಯೂ ಹತೋಟಿಗೆ ಬರುತ್ತದೆ, ಸಸಿಗೂ ಆಸರೆ. ಸಣ್ಣ ಕಪ್ಪು ನೊಣಗಳು ಹಾರುತ್ತಿದ್ದರೆ ಅವುಗಳ ಮರಿಹುಳು ಮಣ್ಣೊಳಗೆ ಎಳೆ ಬೇರನ್ನು ತಿನ್ನುತ್ತಿದೆ ಎಂದರ್ಥ. ಹಳದಿ ಅಂಟು ಪಟ್ಟಿ ದೊಡ್ಡವನ್ನು ಹಿಡಿಯುತ್ತದೆ, ಮರಿಹುಳುವಿಗೆ ನೀರಿನಲ್ಲಿ ಬೆರೆಸಿ ಹಾಕುವ ಬಿಟಿಐ, ಅಂದರೆ ಮರಿಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ ಬೇಕು.

ಮುಚ್ಚಳ ತೆಗೆಯುವುದು

ಮೊಳೆತು 4ರಿಂದ 6 ವಾರವಾಗಿ, ಮುಳ್ಳು ಸ್ಪಷ್ಟವಾಗಿ ಕಂಡ ಮೇಲೆ ಹೊರಗಿನ ಗಾಳಿಗೆ ಒಗ್ಗಿಸಲು ಶುರುಮಾಡಿ. ಮೊದಲ ವಾರ ಮುಚ್ಚಳದಲ್ಲಿ ನಾಲ್ಕಾರು ತೂತು, ಎರಡನೆಯ ವಾರ ಅರ್ಧ ತೆರೆ, ಆಮೇಲೆ ಪೂರ್ತಿ. ಒಂದೇ ದಿನ ತೆರೆದರೆ ಸಸಿಗಳು ಸುಕ್ಕುಗಟ್ಟಿ ಬೆಳವಣಿಗೆ ನಿಲ್ಲಿಸುತ್ತವೆ. ಕ್ಯಾಕ್ಟಸ್‌ಗೆ ನೀರು ಕಡಿಮೆ ಸಾಕೆಂಬ ಮಾತು ದೊಡ್ಡ ಗಿಡಕ್ಕೆ ಸರಿ, ಸಸಿಗೆ ಸಲ್ಲದು. ಅದರ ಮೈಯಲ್ಲಿ ನೀರು ಕೂಡಿಡುವಷ್ಟು ಜಾಗವೇ ಇಲ್ಲ. ಮೊದಲ ಆರು ತಿಂಗಳು ಮೇಲ್ಮೈ ಒಣಗಿದ ಮರುದಿನವೇ ಕೆಳಗಿನಿಂದ ನೀರು ಕುಡಿಸಿ. ಎರಡು ಮೂರು ತಿಂಗಳಾದ ಮೇಲೆ ತಿಂಗಳಿಗೊಮ್ಮೆ ನೀರಲ್ಲಿ ಕರಗುವ ಗೊಬ್ಬರವನ್ನು ಹೇಳಿದ ಪ್ರಮಾಣದ ಕಾಲು ಭಾಗಕ್ಕೆ ಇಳಿಸಿ ಕೊಡಬಹುದು.

ಸಸಿಗಳು ಒಂದಕ್ಕೊಂದು ತಾಗುವಂತಾದಾಗ, ಸಾಮಾನ್ಯವಾಗಿ 6ರಿಂದ 9 ತಿಂಗಳಿಗೆ, ಬೇರ್ಪಡಿಸಿ ನೆಡಿ. ಮೂರು ನಾಲ್ಕು ದಿನ ನೀರು ನಿಲ್ಲಿಸಿ, ಮಣ್ಣು ಉದುರುವಂತಾದ ಮೇಲೆ ಇಡೀ ಗಡ್ಡೆಯನ್ನು ಹೊರತೆಗೆದು ಬಿಡಿಸಿದರೆ ಬೇರು ಹರಿಯುವುದು ಕಡಿಮೆ. ನೆಟ್ಟು 5ರಿಂದ 7 ದಿನದ ಬಳಿಕವೇ ನೀರು. ಹರಿದ ಬೇರಿನ ಗಾಯ ಅಷ್ಟರಲ್ಲಿ ಆರುತ್ತದೆ. ಬೇರಿನ ನಡುವೆ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ: ಬೇರು ತೊಳೆದು, ಒಣಗಿಸಿ, ಹೊಸ ಮಿಶ್ರಣದಲ್ಲೇ ನೆಡಿ. ಬಿಸಿಲಿಗೆ ಒಡ್ಡುವುದು ಬೆಳಗಿನ ಅರ್ಧ ಗಂಟೆಯಿಂದ ಶುರುವಾಗಿ ವಾರವಾರ ಏರಲಿ. ಸುಟ್ಟ ಕಂದು ಕಲೆ ಕೊನೆಯವರೆಗೂ ಮಾಯುವುದಿಲ್ಲ.

ಅವಸರವಿರುವವರಿಗೆ ಕಸಿ ಇದೆ. 2ರಿಂದ 4 ವಾರದ ಸಸಿಯನ್ನು ಹೊಸ ಬ್ಲೇಡಿನಿಂದ ಅಡ್ಡ ಕೊಯ್ದು, ಬೇಗ ಬೆಳೆಯುವ ಎಲೆಯುಳ್ಳ ಕ್ಯಾಕ್ಟಸ್ ಆದ ಪೆರೆಸ್ಕಿಯಾಪ್ಸಿಸ್‌ನ ಕಾಂಡದ ತುದಿಯ ತಾಜಾ ಕೊಯ್ತದ ಮೇಲೆ, ನಡುವಿನ ನಾಳದ ಉಂಗುರಗಳು ಒಂದನ್ನೊಂದು ಮುಟ್ಟುವಂತೆ ಕೂರಿಸಿ, ಒಂದು ವಾರ ತೇವದ ಡಬ್ಬಿಯಲ್ಲಿಟ್ಟರೆ ಕೂಡಿಕೊಳ್ಳುತ್ತದೆ. ಸ್ವಂತ ಬೇರಿನ ಮೇಲೆ ವರ್ಷಗಳಲ್ಲಿ ಆಗುವ ಬೆಳವಣಿಗೆ ತಿಂಗಳುಗಳಲ್ಲಿ ಆಗುತ್ತದೆ. ಹಸಿರೇ ಇಲ್ಲದ ಹಳದಿ, ಬಿಳಿ ಸಸಿ ಹುಟ್ಟಿದರೆ ಅದನ್ನು ಉಳಿಸುವುದಕ್ಕೂ ಇದೊಂದೇ ದಾರಿ.

ಉಳಿಸಿಕೊಳ್ಳುವುದು, ಹಂಚುವುದು

ಎರಡು ಭಿನ್ನ ಪ್ರಭೇದಗಳ ಮಕ್ಕಳು ಮೊದಲ ತಲೆಮಾರಿನಲ್ಲಿ ಬಹುಪಾಲು ಇಬ್ಬರ ನಡುವಿನ ರೂಪದಲ್ಲಿರುತ್ತವೆ. ತಂದೆತಾಯಿಗಳೇ ಮಿಶ್ರತಳಿಗಳಾಗಿದ್ದರೆ ಒಂದೊಂದು ಸಸಿಯೂ ಒಂದೊಂದು ತರಹ. ಹಾಗಿರುವಾಗ ಮೊದಲ ವರ್ಷ ಕುಳ್ಳಗೆ ಕಂಡವನ್ನೆಲ್ಲ ಎಸೆದು ದಪ್ಪನೆಯವನ್ನೇ ಉಳಿಸಿಕೊಳ್ಳುವುದು ಸರಿಯಲ್ಲ. ಹೂವಿನ ಬಣ್ಣಕ್ಕೂ ಸಸಿಯ ಗಾತ್ರಕ್ಕೂ ಸಂಬಂಧವಿಲ್ಲ. ಜಾಗವಿದ್ದಷ್ಟು, ಒಂದು ಬೆರಕೆಗೆ 10 ಸಸಿಯಾದರೂ ಹೂ ಬಿಡುವವರೆಗೆ ಸಾಕಿ. ಟ್ರೈಕೋಸೀರಿಯಸ್, ಸೀರಿಯಸ್‌ಗಳಲ್ಲಿ ಬೀಜದಿಂದ ಹೂವಿಗೆ ಐದಾರು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಅರಿಜೋನಾದ ಸಗ್ವಾರೊ ತನ್ನ ನೆಲದಲ್ಲಿ ಮೊದಲ ಹೂ ಕಾಣುವುದಕ್ಕೆ ಸುಮಾರು 35 ವರ್ಷ ತೆಗೆದುಕೊಳ್ಳುತ್ತದೆ, ಅದನ್ನು ಬೆರಕೆಯ ಲೆಕ್ಕದಲ್ಲಿ ಬಿಡುವುದೇ ಒಳ್ಳೆಯದು.

ಬೀಜ ಇತರರಿಗೆ ಕೊಡುವಾಗ ತಾಯಿ, ತಂದೆ ಇಬ್ಬರ ಹೆಸರೂ, ಕೊಯ್ದ ವರ್ಷವೂ ಪೊಟ್ಟಣದ ಮೇಲಿರಲಿ. ಚೀಲ ಕಟ್ಟದ ಹೂವಿನ ಬೀಜವಾದರೆ ‘ತಾಯಿ ಮಾತ್ರ ಗೊತ್ತು’ ಎಂದೇ ಬರೆಯಿರಿ, ಶುದ್ಧ ಪ್ರಭೇದದ ಹೆಸರು ಹಾಕಿ ಕೊಟ್ಟರೆ ಪಡೆದವರ ಮುಂದಿನ ಬೆರಕೆಗಳೆಲ್ಲ ತಪ್ಪು ಹೆಸರಿನಲ್ಲೇ ಹರಡುತ್ತವೆ. ಗಡಿ ದಾಟಿಸುವುದಾದರೆ ನಿಯಮ ನೋಡಿಕೊಳ್ಳಿ: ಕ್ಯಾಕ್ಟಸ್ ಕುಟುಂಬ ಬಹುತೇಕ ಪೂರ್ತಿಯಾಗಿ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ, ಅದಕ್ಕಿಂತ ಬಿಗಿಯಾದ ಮೊದಲ ಪಟ್ಟಿಯಲ್ಲೂ ಕೆಲವಿವೆ. ಎರಡನೆಯ ಪಟ್ಟಿಯವುಗಳ ಬೀಜಕ್ಕೆ ಸಾಮಾನ್ಯವಾಗಿ ವಿನಾಯಿತಿ ಇದ್ದರೂ ಮೆಕ್ಸಿಕೋದಿಂದ ಹೊರಡುವ ಮೆಕ್ಸಿಕೋ ಮೂಲದ ಬೀಜಕ್ಕೆ ಅದು ಅನ್ವಯಿಸುವುದಿಲ್ಲ. ಬೀಜ ತಲುಪುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರದ ನಿಯಮ ಇದಕ್ಕಿಂತ ಬೇರೆ, ಅದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.